ವಿಶೇಷ ತರಗತಿ ಮುಗಿದ ಮೇಲೆ ಮಕ್ಕಳು ಮನೆಗೆ ಹೋಗುವುದು ಹೇಗೆ?

ಮಾನ್ಯರೇ,

ಗುರುವಾರ ಸಂಜೆ ಹತ್ತನೆಯವರ ವಿಶೇಷ ತರಗತಿ ಮುಗಿಸಿ, ಬಸ್ ಸಿಗದೆ ಕತ್ತಲಲ್ಲಿ ನಡೆದು ಬಂದ ವಿದ್ಯಾರ್ಥಿನಿಯರ ಬಗ್ಗೆ ನಿಮ್ಮ ಪತ್ರಿಕೆಯ ಶನಿವಾರದ ಸಂಚಿಕೆಯಲ್ಲಿ ವರದಿ ಬಂದಿದೆ. ಆ ಆರು ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ವರದಿಯಲ್ಲಿ ‘ಸುಮಾರು ಎರಡು ಕಿ.ಮೀ.’ ಎಂದು ಬರೆದಿದ್ದಾರೆ. ಅದು ಪ್ರೌಢಶಾಲೆಯಿಂದ ಕೈಮರದವರೆಗಿನ ಲೆಕ್ಕ. ಕೈಮರದಿಂದ ನಮ್ಮ ಮನೆಗಳಿಗೆ ಇನ್ನೂ ಎರಡೂವರೆ ಕಿ.ಮೀ. ಇದೆ. ಅಲ್ಲಿ ಒಂದು ಬೀದಿದೀಪವೂ ಇಲ್ಲ. ಮೋರಿಯ ಆಚೆ ಕತ್ತಲಾದರೆ ಕಾಡುಕೋಣ ರಸ್ತೆಗೆ ಇಳಿಯುತ್ತದೆ ಎಂಬುದು ಊರಿನ ಸಣ್ಣ ಮಕ್ಕಳಿಗೂ ಗೊತ್ತು.

ವರದಿಯಲ್ಲಿ ಬಾರದ ಸಂಗತಿಯೊಂದನ್ನು ನಾನು ಹೇಳಬೇಕು. ಅಂದು ವಿಶೇಷ ತರಗತಿ ಐದೂವರೆಗೇ ಮುಗಿಯಬೇಕಿತ್ತು. ಮುಗಿದಿದ್ದರೆ ಮಕ್ಕಳು 5.45ರ ಬಸ್ ಹಿಡಿದು ಬೆಳಕಿದ್ದಾಗಲೇ ಮನೆ ಸೇರುತ್ತಿದ್ದರು. ಫಲಿತಾಂಶ ಸುಧಾರಣೆಯ ಪರಿಶೀಲನೆಗೆ ಮೂರು ಗಂಟೆಗೆ ಬರುತ್ತೇವೆಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿಗಳು ಜೀಪಿನಲ್ಲಿ ಬಂದಿಳಿದಾಗ ಐದೂಕಾಲು. ಮಕ್ಕಳನ್ನು ಸಾಲಾಗಿ ಕೂರಿಸಿ, ಪ್ರಶ್ನೆ ಕೇಳಿ, ಭಾಷಣ ಮಾಡಿ ಬಿಟ್ಟಾಗ ಆರೂಕಾಲು. ಜೀಪು ಹೊರಟುಹೋಯಿತು. 6.40ರ ಕೊನೆಯ ಬಸ್ ತುಂಬಿಕೊಂಡು ಬಂದು, ಹುಡುಗಿಯರು ಕೈ ಅಡ್ಡ ಹಿಡಿದರೂ ನಿಲ್ಲದೆ ಹೋಯಿತು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಬಂದಾಗ ನಾವೆಲ್ಲ ಸಂತೋಷಪಟ್ಟವರೇ. ಆದರೆ ಬಸ್ ನಿಂತರೆ ತಾನೇ ಪ್ರಯಾಣ?

ಈಗ ನಮ್ಮಲ್ಲಿ ಅಡಿಕೆ ಕೊಯ್ಲಿನ ಸಮಯ. ಅಂದು ಅಡಿಕೆ ಬೇಯಿಸುವ ಹಂಡೆ ಒಲೆಯ ಮೇಲಿತ್ತು. ಗಣಿತದ ಅತಿಥಿ ಶಿಕ್ಷಕಿ ಫೋನ್ ಮಾಡಿ ‘ಬಸ್ ಹೋಯಿತು, ನಾನು ಮಕ್ಕಳ ಜೊತೆ ನಡೆದು ಬರುತ್ತಿದ್ದೇನೆ’ ಎಂದಾಗ, ಮಂಡಿ ನೋವಿನ ನನ್ನ ತಾಯಿಯನ್ನು ಬೆಂಕಿಯ ಮುಂದೆ ಕೂರಿಸಿ ಬೈಕ್ ಹತ್ತಿದೆ. ಹಿಂತಿರುಗುವಷ್ಟರಲ್ಲಿ ಒಂದು ಹಂಡೆ ಅಡಿಕೆ ಮಿತಿಮೀರಿ ಬೆಂದಿತ್ತು. ಆ ನಷ್ಟವನ್ನು ನಾನು ಯಾರ ಬಳಿಯೂ ಕೇಳುವುದಿಲ್ಲ. ಆದರೆ ಮೋರಿಯ ಬಳಿ ಕಂಡದ್ದು ಮರೆಯುವಂಥದ್ದಲ್ಲ. ಆ ಶಿಕ್ಷಕಿಯ ಮೊಬೈಲಿನ ಬೆಳಕೊಂದೇ ಮುಂದೆ. ಹಿಂದೆ ಆರು ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು, ಭಯಕ್ಕೆ ಗಟ್ಟಿಯಾಗಿ ಗಣಿತದ ಥೇಲ್ಸ್ ಪ್ರಮೇಯ ಹೇಳಿಕೊಂಡು ಬರುತ್ತಿದ್ದರು. ಸದ್ದು ಕೇಳಿದರೆ ಕೋಣ ಹತ್ತಿರ ಬರುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ನನ್ನ ಮಗಳ ಚಪ್ಪಲಿಯ ಉಂಗುಷ್ಠ ಕಿತ್ತು, ಚಪ್ಪಲಿ ಕೈಯಲ್ಲಿತ್ತು. ಮಧ್ಯಾಹ್ನದ ಬಿಸಿಯೂಟದ ನಂತರ ಅವಳ ಹೊಟ್ಟೆಗೆ ನೀರು ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ. ಆ ಶಿಕ್ಷಕಿಯ ಮನೆ ಇರುವುದು ಪೇಟೆಯ ಕಡೆ, ನಮ್ಮ ದಿಕ್ಕಿಗೆ ಪೂರ್ತಿ ವಿರುದ್ಧ. ಗೌರವಧನಕ್ಕಾಗಿ ತಿಂಗಳುಗಟ್ಟಲೆ ಕಾಯುವ ಆಕೆಗೆ ಇರುವ ಕರುಳು ಜೀಪಿನಲ್ಲಿ ಬಂದವರಲ್ಲಿ ಒಬ್ಬರಿಗೂ ಇರಲಿಲ್ಲ.

‘ವಿಶೇಷ ತರಗತಿ ಮಕ್ಕಳ ಒಳಿತಿಗಾಗಿ, ಪೋಷಕರು ಸಹಕರಿಸಬೇಕು’ ಎಂದು ಅಧಿಕಾರಿಯೊಬ್ಬರು ವರದಿಗಾರರಿಗೆ ಹೇಳಿದ್ದಾರೆ. ನಾವು ಇನ್ನೆಷ್ಟು ಸಹಕರಿಸಬೇಕು? ಈ ವಿಶೇಷ ತರಗತಿಯ ಅಗತ್ಯ ಬಂದದ್ದಾದರೂ ಏಕೆ? 2025ರ ಸೆಪ್ಟೆಂಬರ್ 22ರಿಂದ ಶಿಕ್ಷಕರನ್ನು ಸರ್ಕಾರದ ಸಾಮಾಜಿಕ, ಶೈಕ್ಷಣಿಕ (ಜಾತಿ) ಸಮೀಕ್ಷೆಗೆಂದು ಮನೆಮನೆಗೆ ಕಳುಹಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದದ್ದು ಪೋಷಕರಲ್ಲ. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ, ನಮ್ಮ ಮನೆಯ ವಿವರವನ್ನೂ ಕೊಟ್ಟಿದ್ದೇನೆ. ಆದರೆ ಕಳೆದುಹೋದ ಪಾಠದ ಸಾಲವನ್ನು ಹತ್ತನೆಯ ತರಗತಿಯ ಮಕ್ಕಳೇ ಕತ್ತಲಲ್ಲಿ ನಡೆದು ತೀರಿಸಬೇಕೆ? ಗಣಿತಕ್ಕೆ ಕಾಯಂ ಶಿಕ್ಷಕರಿಲ್ಲದೆ ಇದು ಮೂರನೆಯ ವರ್ಷ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲಿನ ವೆಬ್‌ಕಾಸ್ಟಿಂಗ್ ಬಂದು, ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿದಾಗಿನಿಂದ ಇಲಾಖೆಯವರಿಗೆ ಫಲಿತಾಂಶದ ಜ್ವರ ಬಿಟ್ಟಿಲ್ಲ. ಜಿಲ್ಲೆ ಎಷ್ಟನೆಯ ಸ್ಥಾನದಲ್ಲಿದೆ ಎಂಬುದೊಂದೇ ಚಿಂತೆ. ಮಕ್ಕಳನ್ನು ಶಿಕ್ಷಕರಿಗೆ ದತ್ತು ಕೊಡುತ್ತಾರೆ, ಪಾಸಾಗುವಷ್ಟು ಮಾತ್ರ ಓದಿಸುವ ‘ಪಾಸಿಂಗ್ ಪ್ಯಾಕೇಜ್’ ಹಂಚುತ್ತಾರೆ, ಓದುತ್ತಿದ್ದಾರೆಯೇ ಎಂದು ರಾತ್ರಿ ಮನೆಗೆ ಫೋನ್ ಮಾಡಿಸುತ್ತಾರೆ. ಪಾಸಾಗಲು ಒಟ್ಟು 625ಕ್ಕೆ 206 ಅಂಕ ಸಾಕೆಂದೂ 2025ರಲ್ಲಿ ಆಯಿತು. ಓದಿದ ಮಗು ಮನೆ ಮುಟ್ಟಿತೇ ಎಂದು ಕೇಳುವ ಒಂದು ಕಾಲಂ ಇವರ ನಮೂನೆಗಳಲ್ಲಿ ಇಲ್ಲ.

ಆಟದ ಮಾತನ್ನಂತೂ ಆಡುವುದೇ ಬೇಡ ಎಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ನನ್ನ ಮಗಳು ಎಂಟನೆಯ ತರಗತಿಯಲ್ಲಿ ಥ್ರೋಬಾಲ್ ತಂಡದೊಂದಿಗೆ ತಾಲ್ಲೂಕು ಮಟ್ಟದವರೆಗೆ ಹೋಗಿ ಬಂದವಳು. ಆಗ ದೈಹಿಕ ಶಿಕ್ಷಕರಿದ್ದರು. ಸಂಜೆ ಐದರವರೆಗೆ ಮೈದಾನದಲ್ಲಿ ನಿಂತು ಆಡಿಸುತ್ತಿದ್ದರು, ಮಕ್ಕಳು ಬಸ್ ಹತ್ತಿದ ಮೇಲೆಯೇ ತಾವು ಹೊರಡುತ್ತಿದ್ದರು. ಅವರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಥ್ರೋಬಾಲ್ ಬಲೆ ಈಗ ದಾಸ್ತಾನು ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆಗಳ ಹಿಂದೆ ಬಿದ್ದಿದೆ. ಆಟದ ಅವಧಿ ಗಣಿತಕ್ಕೆ ಹೋಯಿತು, ಚಿತ್ರಕಲೆಯ ಅವಧಿ ವಿಜ್ಞಾನಕ್ಕೆ ಹೋಯಿತು. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿ ಬಂದಾಗ ಮಾತ್ರ ಎರಡು ದಿನ ಮೊದಲು ‘ಯಾರಾದರೂ ಭಾವಗೀತೆ ಹಾಡುತ್ತೀರಾ’ ಎಂದು ಕೇಳುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂತ ಮಕ್ಕಳ ಮೈ ಮನಸ್ಸು ಏನಾಗಬೇಕು?

ಕೈಮರಕ್ಕೆ ದೀಪ ಹಾಕಿಸಿ ಎಂದು ಪಂಚಾಯಿತಿಗೆ ಕೊಟ್ಟ ಅರ್ಜಿಗೆ ಎರಡು ವರ್ಷವಾಯಿತು. ಕಂಬ ಬಂತು, ದೀಪ ಬರಲಿಲ್ಲ. ಬಸ್ಸಿನ ಸಮಯದ ಬಗ್ಗೆ ಡಿಪೊಗೆ ಹೋದರೆ ಶಿಕ್ಷಣ ಇಲಾಖೆಯ ಪತ್ರ ತನ್ನಿ ಎನ್ನುತ್ತಾರೆ. ಇಲಾಖೆಯವರು ಅದು ಡಿಪೊದ ಕೆಲಸ ಎನ್ನುತ್ತಾರೆ. ಇಬ್ಬರ ನಡುವೆ ಓಡಾಡಿ ನನ್ನ ಎರಡು ದಿನದ ಕೊಯ್ಲು ಹಾಳಾಯಿತು.

ಬಸ್ಸನ್ನು ಆರೂವರೆಗೆ ಶಾಲೆಯ ಗೇಟಿನ ಮುಂದೆಯೇ ನಿಲ್ಲಿಸಲಿ. ಆಗದಿದ್ದರೆ ತರಗತಿಯನ್ನು ಬೆಳಿಗ್ಗೆಗೆ ಹಾಕಲಿ. ಬೆಳಿಗ್ಗೆಯ ಬಸ್ಸೂ ಒಂಬತ್ತಕ್ಕೆ ಮೊದಲು ಇಲ್ಲವೆಂದು ನನಗೆ ಗೊತ್ತಿದೆ, ಅದನ್ನೂ ಅವರೇ ಸರಿಮಾಡಲಿ. ಶಿಕ್ಷಕರನ್ನು ಕೊಡಲಿ, ದೀಪ ಹಾಕಲಿ, ಏನಾದರೂ ಒಂದು ಮಾಡಲಿ. ಪರಿಶೀಲನೆಗೆ ಬರುವವರು ಹೇಳಿದ ಹೊತ್ತಿಗೆ ಬರಲಿ, ಇಲ್ಲದಿದ್ದರೆ ಬರುವುದೇ ಬೇಡ. ಆರು ಹೆಣ್ಣುಮಕ್ಕಳಿಗೆ ಒಂದು ಬಸ್ ನಿಲ್ಲಿಸಲಾಗದವರು ಜಿಲ್ಲೆಯನ್ನು ಮೊದಲ ಸ್ಥಾನಕ್ಕೆ ತರುತ್ತೇವೆ ಎಂದು ಸಭೆಗಳಲ್ಲಿ ಹೇಳಿಕೊಳ್ಳಲು ನಾಚಿಕೆಪಡಬೇಕು.

– ನೊಂದ ಪೋಷಕ