ಜಡ್ಜ್ ಜಾಗಕ್ಕೆ ನಿಂತೋರ ಹೆಸರು ಬಿಟ್ಟು ಮುಂದೆ ಹೋಗಬೇಡಿ

ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದ ಊಟದ ಸಾಲಲ್ಲಿ ಈ ಸಲ ಎಲ್ಲರ ಬಾಯಲ್ಲೂ ಕ್ಯಾಲಿಫೋರ್ನಿಯಾದ ಗವರ್ನರ್ ಎಲೆಕ್ಷನ್ನೇ. ನ್ಯೂಸಮ್ ಅವರ ಎರಡನೇ ಟರ್ಮ್ ಮುಗೀತಾ ಬಂತು, ಮುಂದೆ ಯಾರು ಬರ್ತಾರೆ, ಯಾರು ಬಂದ್ರೆ ಟ್ಯಾಕ್ಸ್ ಏನಾಗುತ್ತೆ ಅಂತ ಜೋರಾಗೇ ಮಾತು ನಡೀತಿತ್ತು. ಒಳ್ಳೇದೇ, ಮಾತಾಡ್ಬೇಕು. ಆದ್ರೆ 2026ರ ಜೂನ್ 2ರ ಪ್ರೈಮರಿ (ಮೊದಲ ಸುತ್ತಿನ ಚುನಾವಣೆ) ಬ್ಯಾಲಟ್‌ನಲ್ಲಿ ಇನ್ನೂ ಸ್ವಲ್ಪ ಕೆಳಗೆ ಇಳಿದ್ರೆ ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಥರ) ಸುಪೀರಿಯರ್ ಕೋರ್ಟ್, ಅಂದ್ರೆ ಕೌಂಟಿ ಕೋರ್ಟ್, ಜಡ್ಜ್ ಅಂತ ಒಂದೋ ಎರಡೋ ಜಾಗ ಇರುತ್ತೆ, ಅದರ ವಿಷಯ ಒಬ್ಬರೂ ಎತ್ತಲಿಲ್ಲ. ಬಹಳಷ್ಟು ಜನ ಅಲ್ಲಿ ಏನೂ ಗುರುತು ಹಾಕದೆ ಮುಂದಕ್ಕೆ ಹೋಗ್ಬಿಡ್ತಾರೆ. ಯಾಕಂದ್ರೆ ಹೆಸರಿನ ಪಕ್ಕ ಪಾರ್ಟಿ ಇರಲ್ಲ, ಹೆಸರು ಕೇಳಿರಲ್ಲ, ಟಿವಿಯಲ್ಲಿ ಮುಖ ನೋಡಿರಲ್ಲ.

ನಮ್ಮೋರಿಗೆ ಇನ್ನೊಂದು ಕಾರಣಾನೂ ಇದೆ. ಕರ್ನಾಟಕದಲ್ಲಿ ಸಿವಿಲ್ ಜಡ್ಜ್ ಆಗೋಕೆ ಹೈಕೋರ್ಟ್ ನಡೆಸೋ ಪರೀಕ್ಷೆ ಬರೀಬೇಕು, ಹೈಕೋರ್ಟಿಗೆ ಹಿರಿಯ ಜಡ್ಜ್‌ಗಳ ಕೊಲಿಜಿಯಂ ಹೆಸರು ಕಳಿಸುತ್ತೆ, ಮಧ್ಯದಲ್ಲಿ ಜನರ ವೋಟ್ ಅನ್ನೋದು ಎಲ್ಲೂ ಬರಲ್ಲ. ಜಡ್ಜ್ ಸಾಹೇಬ್ರು ಬಂದ್ರೆ ಎದ್ದು ನಿಲ್ಲೋದು ನಮಗೆ ಗೊತ್ತು, ಅವರನ್ನ ನಾವೇ ಆರಿಸಿ ಕೂರಿಸೋದು ಅನ್ನೋದು ಇನ್ನೂ ಮೈಗೂಡಿಲ್ಲ. ಆದ್ರೆ ಇಲ್ಲಿ ಇಪ್ಪತ್ತು ಮೂವತ್ತು ವರ್ಷ ಇದ್ದು, ಮನೆ ಕೊಂಡು, ಮಕ್ಕಳನ್ನ ಬೆಳೆಸಿ, ಸಿಟಿಜನ್ ಆಗಿ, ಆಮೇಲೂ ಆ ಜಾಗ ಬಿಟ್ಟು ಹೋಗೋದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಸಲ ಯೋಚನೆ ಮಾಡಿ, ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ ತನಕ ಹೋಗೋ ಕೇಸು ನಮ್ಮಲ್ಲಿ ಯಾರಿಗಿದೆ? ನಮ್ಮ ಜನ ಮೆಟ್ಟಿಲು ಹತ್ತೋದು ಕೌಂಟಿ ಕೋರ್ಟಿನದು. ಡೈವೋರ್ಸು, ಮಗು ಯಾರ ಹತ್ರ ಇರ್ಬೇಕು ಅನ್ನೋದು, ಮನೆ ಓನರ್ ಡೆಪಾಸಿಟ್ ವಾಪಸ್ ಕೊಡದೇ ಇದ್ರೆ ಸ್ಮಾಲ್ ಕ್ಲೇಮ್ಸು (12,500 ಡಾಲರ್ ತನಕ, ಲಾಯರ್ ಇಲ್ಲದೆ ನೀವೇ ಹೋಗಿ ಹೇಳ್ಬೇಕು), ವಿಲ್ ಬರೀದೆ ತೀರಿಕೊಂಡೋರ ಆಸ್ತಿ, ಮನೇಲಿ ಹೊಡೆತ ತಿಂದ ಹೆಣ್ಣುಮಗಳು ಕೇಳೋ ರಿಸ್ಟ್ರೈನಿಂಗ್ ಆರ್ಡರ್ (ಹೊಡೆದೋನು ಹತ್ತಿರ ಬರಬಾರದು ಅನ್ನೋ ಆದೇಶ), ಎಲ್ಲಾ ಅಲ್ಲೇ. ನಮ್ಮ ಕೂಟದಲ್ಲೇ ಎಷ್ಟು ಮನೆಗಳ ಹಣೆಬರಹ ಆ ಕೋರ್ಟಿನಲ್ಲಿ ತೀರ್ಮಾನ ಆಗಿದೆ ಅಂತ ನಾವು ಬಾಯ್ಬಿಟ್ಟು ಹೇಳಿಕೊಳ್ಳಲ್ಲ, ಅಷ್ಟೇ. ಅಲ್ಲಿ ಕೂತಿರೋ ವ್ಯಕ್ತಿ ಒಂದ್ಸಲ ಗೆದ್ದ್ರೆ ಆರು ವರ್ಷ ಇರ್ತಾರೆ.

ಈ ಜಾಗಕ್ಕೆ ನಿಲ್ಲೋರು ಯಾರು ಅಂತ ನೋಡಿದ್ರೆ ಬಹಳಷ್ಟು ಸಲ ಸರ್ಕಾರಿ ಲಾಯರ್‌ಗಳೇ. ಡೆಪ್ಯುಟಿ ಡಿಸ್ಟ್ರಿಕ್ಟ್ ಅಟಾರ್ನಿ (ಡೆಪ್ಯುಟಿ ಡಿಎ, ಸರ್ಕಾರದ ಪರ ಆರೋಪಿಗಳ ವಿರುದ್ಧ ಕೇಸು ನಡೆಸೋ ಪ್ರಾಸಿಕ್ಯೂಟರ್), ಡೆಪ್ಯುಟಿ ಪಬ್ಲಿಕ್ ಡಿಫೆಂಡರ್ (ಲಾಯರ್ ಇಟ್ಕೊಳ್ಳೋಕೆ ದುಡ್ಡಿಲ್ಲದ ಆರೋಪಿಗಳ ಪರ ವಾದಿಸೋ ಸರ್ಕಾರಿ ವಕೀಲರು), ಕೌಂಟಿ ಕೌನ್ಸೆಲ್ (ಕೌಂಟಿಯ ಪರ ಲಾಯರ್‌ಗಳ) ಆಫೀಸಿನೋರು. ಕಾನೂನು ಕೇಳೋದು ರಾಜ್ಯದ ವಕೀಲರ ನೋಂದಣಿ ಸಂಸ್ಥೆಯಾದ ಸ್ಟೇಟ್ ಬಾರ್‌ನಲ್ಲಿ ಹತ್ತು ವರ್ಷ, ಆದ್ರೆ ಇವರಲ್ಲಿ ಎಷ್ಟೋ ಜನ ಅದೇ ಕೋರ್ಟ್ ಕಾರಿಡಾರಲ್ಲಿ ಫೈಲ್ ಹಿಡ್ಕೊಂಡು ಹದಿನೈದು ಇಪ್ಪತ್ತು ವರ್ಷ ಓಡಾಡಿರ್ತಾರೆ. ಪ್ರೈವೇಟ್ ಫರ್ಮಿಗೆ ಹೋಗಿದ್ರೆ ಎರಡು ಮೂರು ಪಟ್ಟು ಸಂಪಾದಿಸಬಹುದಿತ್ತು, ಹೋಗ್ಲಿಲ್ಲ. ಕೊನೆಗೊಂದು ದಿನ ಎದುರಿಗಿರೋ ಆ ಎತ್ತರದ ಕುರ್ಚಿಗೆ ನಿಲ್ತೀನಿ ಅಂತ ತೀರ್ಮಾನ ಮಾಡ್ತಾರೆ. ಅದು ಸಣ್ಣ ತೀರ್ಮಾನ ಅಲ್ಲ ರೀ. ಜಡ್ಜ್ ಸಂಬಳದ ಶೇ. 1ರಷ್ಟು ಫೈಲಿಂಗ್ ಫೀ ಕಟ್ಟಬೇಕು, ಹಗಲು ಕೇಸು ನಡೆಸಿ ಸಂಜೆ ಮನೆ ಮನೆ ಸುತ್ತಬೇಕು, ಇಷ್ಟು ವರ್ಷ ಯಾರ ಹತ್ರಾನೂ ಏನೂ ಕೇಳದೆ ಇದ್ದೋರು ಈಗ ಫೋನ್ ಮಾಡಿ ಡೊನೇಷನ್ ಕೇಳಬೇಕು. ಇನ್ನು ಹಾಲಿ ಜಡ್ಜ್ ವಿರುದ್ಧಾನೇ ನಿಂತು ಸೋತ್ರೆ ಮಾರನೇ ವಾರ ಅದೇ ಕಟ್ಟಡಕ್ಕೆ, ಕೆಲವು ಸಲ ಅದೇ ಜಡ್ಜ್ ಮುಂದೆ, ಕೇಸು ಹಿಡ್ಕೊಂಡು ಹೋಗ್ಬೇಕು! ಅದಕ್ಕೇ ಬಹಳ ಜನ ಯಾರಾದ್ರೂ ರಿಟೈರ್ ಆಗಿ ಜಾಗ ಖಾಲಿಯಾಗೋ ತನಕ ಕಾಯ್ತಾರೆ. ಅದೂ ಅಪರೂಪ, ಯಾಕಂದ್ರೆ ಟರ್ಮ್ ಮಧ್ಯದಲ್ಲಿ ಯಾರಾದ್ರೂ ಬಿಟ್ಟ್ರೆ ಗವರ್ನರ್ರೇ ನೇಮಕ ಮಾಡ್ತಾರೆ, ಹಾಲಿ ಜಡ್ಜ್ ಎದುರು ಯಾರೂ ನಿಲ್ಲದಿದ್ರೆ ಆ ಹೆಸರು ಬ್ಯಾಲಟ್‌ಗೇ ಬರಲ್ಲ. ಅಂದ್ರೆ ನಮಗೆ ವೋಟ್ ಹಾಕೋ ಅವಕಾಶ ಸಿಗೋದೇ ಕೆಲವೇ ಸಲ, ಸಿಕ್ಕಾಗ ಕಳ್ಕೋಬಾರದು.

ಬ್ಯಾಲಟ್ ಮೇಲೆ ಹೆಸರಿನ ಕೆಳಗೆ ಅವರ ಕೆಲಸ ಏನು ಅಂತ ಒಂದು ಸಾಲು ಇರುತ್ತೆ, ಅದನ್ನ ಗಮನಿಸಿ. ಬಹಳ ಜನ ಅದೊಂದೇ ಸಾಲು ನೋಡಿ ವೋಟ್ ಹಾಕ್ತಾರೆ. ಅದಕ್ಕೇ ಮೊದಲೆಲ್ಲ ಕೆಲವು ಪ್ರಾಸಿಕ್ಯೂಟರ್‌ಗಳು ಗ್ಯಾಂಗ್ ಕೊಲೆ ಕೇಸಿನ ಪ್ರಾಸಿಕ್ಯೂಟರ್ ಅನ್ನೋ ಥರ, ಓದಿದ ಕೂಡ್ಲೇ ಎದೆ ಝಲ್ ಅನ್ನೋ ಹಾಗೆ ಬರ್ಕೊಳ್ತಿದ್ರು. 2017ರಲ್ಲಿ ಒಂದು ಕಾನೂನು ಬಂದು ಆಫೀಸಿನಲ್ಲಿರೋ ನಿಜವಾದ ಹುದ್ದೆ ಹೆಸರನ್ನೇ ಹಾಕ್ಬೇಕು ಅಂತಾಯ್ತು. ವೋಟರ್ ಗೈಡಲ್ಲಿ ಬರೋ ಕ್ಯಾಂಡಿಡೇಟ್ ಸ್ಟೇಟ್‌ಮೆಂಟಿಗೆ ಸಾಮಾನ್ಯವಾಗಿ ಅವರೇ ದುಡ್ಡು ಕಟ್ಟಬೇಕು, ದೊಡ್ಡ ಕೌಂಟಿಗಳಲ್ಲಿ ಸಾವಿರಾರು ಡಾಲರ್. ಹಾಗಾಗಿ ಗೈಡಲ್ಲಿ ಒಬ್ಬರ ಜಾಗ ಖಾಲಿ ಇದ್ದ್ರೆ ಅವರಿಗೆ ಹೇಳೋಕೆ ಏನೂ ಇಲ್ಲ ಅಂತ ತಿಳ್ಕೋಬೇಡಿ, ದುಡ್ಡಿಲ್ಲದೇ ಇರಬಹುದು.

ಇನ್ನೊಂದು ತೊಡಕು ಅಂದ್ರೆ ಇವರು ಬೇರೆ ರಾಜಕಾರಣಿಗಳ ಹಾಗೆ ಭರವಸೆ ಕೊಡೋ ಹಾಗಿಲ್ಲ. ಇಂಥ ಕೇಸು ಬಂದ್ರೆ ನಾನು ಹೀಗೇ ತೀರ್ಪು ಕೊಡ್ತೀನಿ ಅಂತ ಹೇಳಿದ್ರೆ ಜುಡಿಷಿಯಲ್ ಎಥಿಕ್ಸ್ ನಿಯಮಕ್ಕೆ ವಿರುದ್ಧ. ಹಾಗಾದ್ರೆ ನಾವು ಏನು ನೋಡಿ ವೋಟ್ ಹಾಕೋದು? ಅವರು ಇಷ್ಟು ವರ್ಷ ಮಾಡಿದ ಕೆಲಸ ನೋಡಿ. ಕೋರ್ಟ್ ಎಲ್ಲರಿಗೂ ತೆರೆದಿರುತ್ತೆ, ಸಿಟಿಜನ್ ಆಗಿರಲೇಬೇಕು ಅಂತೇನೂ ಇಲ್ಲ. ಸ್ಯಾನ್ ಹೋಸೆಯ ವೆಸ್ಟ್ ಹೆಡ್ಡಿಂಗ್ ಸ್ಟ್ರೀಟಲ್ಲಿರೋ ಹಾಲ್ ಆಫ್ ಜಸ್ಟಿಸ್‌ಗೆ ಹೋಗಿ, ಬೆಲ್ಟ್ ತೆಗೆದು ಸೆಕ್ಯುರಿಟಿ ದಾಟಿ ಹಿಂದಿನ ಬೆಂಚಲ್ಲಿ ಕೂತ್ರೆ ಸಾಕು.

ಹಾಗೆ ಒಂದು ಬೆಳಿಗ್ಗೆ ಕೂತು ನೋಡಿದೆ. ಒಬ್ಬ ಹುಡುಗ, ಇಪ್ಪತ್ತರ ಆಸುಪಾಸು, ಇಂಟರ್‌ಪ್ರಿಟರ್ ಪಕ್ಕದಲ್ಲಿ ನಿಂತಿದ್ದ. ಅವನ ಪರ ಇದ್ದ ಪಬ್ಲಿಕ್ ಡಿಫೆಂಡರ್ ಕೈಯಲ್ಲಿ ಆ ಬೆಳಿಗ್ಗೆಯ ಫೈಲುಗಳ ದೊಡ್ಡ ಕಟ್ಟೇ ಇತ್ತು, ಆದ್ರೂ ಆಕೆ ಅವನ ಕಡೆ ಬಗ್ಗಿ ಏನೋ ವಿವರಿಸಿದ್ರು, ಅವನು ಸುಮ್ನೆ ತಲೆ ಆಡಿಸಿದ, ಆಕೆಗೆ ಸಮಾಧಾನ ಆಗ್ಲಿಲ್ಲ, ಜಡ್ಜ್ ಹತ್ರ ಎರಡು ನಿಮಿಷ ಕೇಳಿಕೊಂಡು ಮತ್ತೆ ಮೊದಲಿಂದ ಹೇಳಿದ್ರು. ಈ ಸಲ ಹುಡುಗ ಒಂದು ಪ್ರಶ್ನೆ ಕೇಳಿದ. ಆ ಕಡೆ ನಿಂತಿದ್ದ ಡೆಪ್ಯುಟಿ ಡಿಎ ಕೂಡ ವಾಚ್ ನೋಡ್ಲಿಲ್ಲ, ಗೊಣಗಲಿಲ್ಲ, ಕಾದ್ರು. ಅವರಿಬ್ಬರಲ್ಲಿ ಯಾರೇ ನಾಳೆ ಜಡ್ಜ್ ಜಾಗಕ್ಕೆ ನಿಂತ್ರೂ ನಾನು ಆ ಎರಡು ನಿಮಿಷಾನ ಲೆಕ್ಕಕ್ಕೆ ತಗೋತೀನಿ. ಯಾವ ಫ್ಲೈಯರಲ್ಲೂ ಅದು ಅಚ್ಚಾಗಿರಲ್ಲ.

ಹಾಗಂತ ಸರ್ಕಾರಿ ಸೇವೆ ಮಾಡಿದೋರೆಲ್ಲ ಒಳ್ಳೆ ಜಡ್ಜ್ ಆಗ್ತಾರೆ ಅಂತ ನಾನು ಹೇಳ್ತಿಲ್ಲ. ನಮ್ಮ ಸಾಂತಾ ಕ್ಲಾರಾ ಕೌಂಟಿಯಲ್ಲೇ ಜಡ್ಜ್ ಏರನ್ ಪರ್ಸ್ಕಿ ಪ್ರಕರಣ ಎಲ್ಲರಿಗೂ ನೆನಪಿರಬೇಕು. ಅವರೂ ಡೆಪ್ಯುಟಿ ಡಿಎ ಆಗಿದ್ದೋರೇ. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿ ಬ್ರಾಕ್ ಟರ್ನರ್‌ಗೆ ಲೈಂಗಿಕ ದೌರ್ಜನ್ಯದ ಕೇಸಲ್ಲಿ 2016ರಲ್ಲಿ ಆರು ತಿಂಗಳು ಜೈಲು ಅಂತ ಶಿಕ್ಷೆ ಕೊಟ್ಟ್ರು, ಆತ ಮೂರು ತಿಂಗಳಿಗೆ ಹೊರಗೆ ಬಂದ. ಜನ ಸಿಡಿದೆದ್ದು 2018ರ ಜೂನ್‌ನಲ್ಲಿ ರೀಕಾಲ್ ಮಾಡಿದ್ರು, ಅಂದ್ರೆ ಟರ್ಮ್ ಮುಗಿಯೋ ಮೊದಲೇ ವೋಟ್ ಹಾಕಿ ತೆಗೆದ್ರು, ಶೇ. 60ಕ್ಕೂ ಹೆಚ್ಚು ವೋಟು. ಕ್ಯಾಲಿಫೋರ್ನಿಯಾದಲ್ಲಿ ಜಡ್ಜ್ ಒಬ್ಬರನ್ನ ಹಾಗೆ ಕೆಳಗಿಳಿಸಿದ್ದು 1932ರ ನಂತರ ಅದೇ ಮೊದಲು. ಆ ಜಾಗಕ್ಕೆ ಗೆದ್ದ ಸಿಂಡಿ ಹೆಂಡ್ರಿಕ್ಸನ್ ಕೂಡ ಅದೇ ಡಿಎ ಆಫೀಸಿನೋರು. ಅಂದ್ರೆ ಒಂದೇ ಆಫೀಸು, ಇಬ್ಬರು ಬೇರೆ ಬೇರೆ ಮನುಷ್ಯರು. ಬರೀ ಹುದ್ದೆ ನೋಡಿದ್ರೆ ಸಾಲಲ್ಲ ಅನ್ನೋಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ. ಆ ರೀಕಾಲ್‌ನ ಎಷ್ಟೋ ಪಬ್ಲಿಕ್ ಡಿಫೆಂಡರ್‌ಗಳೇ ವಿರೋಧಿಸಿದ್ರು ಅನ್ನೋದನ್ನೂ ಮರೀಬಾರದು. ಜನರ ಸಿಟ್ಟಿಗೆ ಹೆದರಿ ಜಡ್ಜ್‌ಗಳೆಲ್ಲ ಶಿಕ್ಷೆ ಜಾಸ್ತಿ ಮಾಡ್ತಾರೆ, ಅದರ ಏಟು ಬೀಳೋದು ಬಡವರ ಮೇಲೇ ಅನ್ನೋದು ಅವರ ಆತಂಕ. ಎರಡೂ ಕಡೆ ಮಾತಿನಲ್ಲಿ ತೂಕ ಇದೆ, ನನಗಂತೂ ಇವತ್ತಿಗೂ ಆ ಆತಂಕ ಸುಳ್ಳು ಅನ್ನಿಸಿಲ್ಲ.

ಇದೇ ಕೌಂಟಿಯ ಇನ್ನೊಂದು ಹೆಸರು ರೋಸ್ ಬರ್ಡ್. ಇಲ್ಲಿನ ಪಬ್ಲಿಕ್ ಡಿಫೆಂಡರ್ ಆಫೀಸಿನ ಮೊದಲ ಮಹಿಳಾ ಡೆಪ್ಯುಟಿ ಆಗಿದ್ದೋರು, 1977ರಲ್ಲಿ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾದ್ರು. ಮರಣದಂಡನೆ ಕೇಸುಗಳಲ್ಲಿ ಅವರು ಕೊಟ್ಟ ತೀರ್ಪುಗಳಿಗೆ ಸಿಟ್ಟಾಗಿ 1986ರಲ್ಲಿ ಜನ ವೋಟ್ ಹಾಕಿ ಮನೆಗೆ ಕಳಿಸಿದ್ರು. ಪಬ್ಲಿಕ್ ಡಿಫೆಂಡರ್ ಹಿನ್ನೆಲೆಯೋರು ಗೆಲ್ಲೋದು ಇವತ್ತಿಗೂ ಸುಲಭ ಅಲ್ಲ. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾಲ್ಕು ಜನ ಡೆಪ್ಯುಟಿ ಪಬ್ಲಿಕ್ ಡಿಫೆಂಡರ್‌ಗಳು ಹಾಲಿ ಜಡ್ಜ್‌ಗಳ ವಿರುದ್ಧ ನಿಂತು ನಾಲ್ಕೂ ಜನ ಸೋತ್ರು. ಅವರಲ್ಲೊಬ್ಬರು, ಮರಿಯಾ ಇವಾಂಜೆಲಿಸ್ಟಾ, 2020ರಲ್ಲಿ ಖಾಲಿ ಜಾಗಕ್ಕೆ ಮತ್ತೆ ನಿಂತು ಗೆದ್ದ್ರು. ನಮಗೆ ಇನ್ನೂ ಹತ್ತಿರದೋರು ಬೇಕು ಅಂದ್ರೆ ಟೆಕ್ಸಸ್‌ನ ಫೋರ್ಟ್ ಬೆಂಡ್ ಕೌಂಟಿಯ ಸುರೇಂದ್ರನ್ ಪಟ್ಟೇಲ್, ನಮ್ಮ ಗಡಿಯ ಕಾಸರಗೋಡು ಜಿಲ್ಲೆಯಲ್ಲಿ ಬೀಡಿ ಕಟ್ಟಿ ಓದಿ ಲಾಯರ್ ಆದೋರು. ಅವರು ಸರ್ಕಾರಿ ಲಾಯರ್ ಅಲ್ಲ, ಆದ್ರೆ 2017ರಲ್ಲಿ ಸಿಟಿಜನ್ ಆಗಿ, 2020ರಲ್ಲಿ ಸೋತು, 2022ರಲ್ಲಿ ಗೆದ್ದು ಡಿಸ್ಟ್ರಿಕ್ಟ್ ಜಡ್ಜ್ ಆದ್ರು.

ಇಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಮಾತು ಹೇಳ್ಲೇಬೇಕು. ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಕೆತ್ತಿರೋದನ್ನ ನೋಡ್ಕೊಂಡು ಬೆಳೆದೋರು ನಾವು. ಊರಲ್ಲಿ ಮಗನಿಗೆ ಸರ್ಕಾರಿ ನೌಕರಿ ಸಿಕ್ಕಿತು ಅಂದ್ರೆ ಬೀದಿಗೆಲ್ಲ ಪೇಡ ಹಂಚ್ತಿದ್ವಿ. ಇಲ್ಲಿ ಮಗಳು ಲಾ ಸ್ಕೂಲ್ ಮುಗಿಸಿ ಕೌಂಟಿ ಪಬ್ಲಿಕ್ ಡಿಫೆಂಡರ್ ಆಫೀಸ್ ಸೇರ್ತೀನಿ ಅಂದ್ರೆ ಮುಖ ಯಾಕೆ ಸಣ್ಣದಾಗುತ್ತೆ? ಕಳ್ಳರ ಪರ ವಾದ ಮಾಡ್ತೀಯಾ, ಕಾರ್ಪೊರೇಟ್ ಫರ್ಮ್ ಯಾಕೆ ಬೇಡ, ಲೋನ್ ಯಾವಾಗ ತೀರುತ್ತೆ ಅಂತ ಕೇಳ್ತೀವಿ. ಲೋನ್ ಪ್ರಶ್ನೆ ನ್ಯಾಯವೇ, ಆದ್ರೆ ಆರೋಪ ಹೊತ್ತೋನಿಗೂ ಒಬ್ಬ ವಕೀಲ ಬೇಕು ಅನ್ನೋ ತತ್ವದ ಮೇಲೆ ನಿಂತಿರೋ ಕೆಲಸ ಅದು, ಅದನ್ನ ಆರಿಸಿಕೊಂಡ ಮಗುವನ್ನ ನೋಡಿ ನಮ್ಮ ಎದೆ ಉಬ್ಬಬೇಕು. ಪಾರ್ಟಿಗಳಲ್ಲಿ ಸ್ಟಾಕ್ ಆಪ್ಷನ್ ಬಗ್ಗೆ ಹೇಳಿಕೊಳ್ಳೋ ದನಿಯಲ್ಲೇ ಈ ಕೆಲಸದ ಬಗ್ಗೆನೂ ಹೇಳಿಕೊಳ್ಳೋಣ. ಮುಂದೊಂದು ದಿನ ಜಡ್ಜ್ ಜಾಗಕ್ಕೆ ನಿಲ್ಲೋ ಕನ್ನಡದ ಮಕ್ಕಳು ಬರೋದು ಇಂಥ ಆಫೀಸುಗಳಿಂದಲೇ.

ನಮ್ಮ ಕೂಟ 501(ಸಿ)(3), ಅಂದ್ರೆ ಟ್ಯಾಕ್ಸ್ ವಿನಾಯಿತಿ ಇರೋ ಲಾಭರಹಿತ ಸಂಸ್ಥೆ, ಯಾವ ಅಭ್ಯರ್ಥಿಯನ್ನೂ ಬೆಂಬಲಿಸೋ ಹಾಗಿಲ್ಲ, ಈ ಪತ್ರಿಕೇನೂ ಬೆಂಬಲಿಸಲ್ಲ. ಹೀಗೇ ವೋಟ್ ಹಾಕಿ ಅಂತ ನಾನು ಹೇಳ್ತಿಲ್ಲ, ಓದಿ ಹಾಕಿ ಅಂತಿದ್ದೀನಿ. ಬ್ಯಾಲಟ್ ಮೇ ತಿಂಗಳ ಮೊದಲ ವಾರದಿಂದ ಅಂಚೆಯಲ್ಲಿ ಬರೋಕೆ ಶುರುವಾಗುತ್ತೆ. ರಿಜಿಸ್ಟರ್ ಆಗೋಕೆ ಮೇ 18 ಕೊನೇ ದಿನ, ತಪ್ಪಿದ್ರೂ ವೋಟ್ ಸೆಂಟರಿಗೆ ಹೋಗಿ ಅಲ್ಲೇ ಮಾಡಿಸಬಹುದು. ಗ್ರೀನ್ ಕಾರ್ಡ್ ಇರೋರು ದಯವಿಟ್ಟು ಯಾರು ಫಾರ್ಮ್ ಕೊಟ್ಟ್ರೂ ವೋಟರ್ ಆಗಿ ರಿಜಿಸ್ಟರ್ ಆಗಬೇಡಿ, ಇಮಿಗ್ರೇಷನ್‌ಗೆ ದೊಡ್ಡ ತೊಂದರೆ ಆಗುತ್ತೆ. ತುಂಬಿದ ಬ್ಯಾಲಟ್‌ನ ಕೊನೇ ದಿನದ ತನಕ ಇಟ್ಕೊಂಡ್ರೆ ಅಂಚೆ ನಂಬಬೇಡಿ, ರಾತ್ರಿ ಎಂಟರ ಒಳಗೆ ಡ್ರಾಪ್ ಬಾಕ್ಸಿಗೆ ಹಾಕಿ. ಅಭ್ಯರ್ಥಿಗಳ ಬಗ್ಗೆ ಬಾರ್ ಅಸೋಸಿಯೇಷನ್‌ನ ರೇಟಿಂಗ್ ನಿಮ್ಮ ಕೌಂಟಿಯಲ್ಲಿ ಇದ್ದ್ರೆ ಅದನ್ನೂ ಒಮ್ಮೆ ನೋಡಿ, ಲಾಸ್ ಏಂಜಲೀಸ್ ಕೌಂಟಿ ಬಾರ್‌ನೋರದ್ದು ಚೆನ್ನಾಗಿರುತ್ತೆ, ಅಲ್ಲಿರೋ ನಿಮ್ಮ ನೆಂಟರಿಗೂ ಹೇಳಿ.

ನಮ್ಮ ಸದಸ್ಯರಲ್ಲಿ ಕೋರ್ಟ್ ಕ್ಲರ್ಕ್, ಇಂಟರ್‌ಪ್ರಿಟರ್, ಡಿಎ ಅಥವಾ ಪಬ್ಲಿಕ್ ಡಿಫೆಂಡರ್ ಆಫೀಸಲ್ಲಿ, ಪ್ರೊಬೇಷನ್ ಇಲಾಖೆಯಲ್ಲಿ ಕೆಲಸ ಮಾಡೋರು ಯಾರಾದ್ರೂ ಇದ್ದ್ರೆ ಮುಂದಿನ ಸಂಚಿಕೆಗೆ ನಿಮ್ಮ ಕೆಲಸದ ಬಗ್ಗೆ ಎರಡು ಪುಟ ಬರ್ಕೊಡಿ. ಕನ್ನಡ ಟೈಪಿಂಗ್ ಕಷ್ಟ ಅಂದ್ರೆ ಫೋನಲ್ಲಿ ಹೇಳಿ, ನಾವು ಬರ್ಕೊಳ್ತೀವಿ.