ಮಗಳಿಗೊಂದು ಪತ್ರ: ಕುಶಾಲನಗರದಲ್ಲಿ ನಾನು ಹೊದಿಸಿದ ದುಪಟ್ಟಾ

ನಾಪೋಕ್ಲು,
ಮಾರ್ಚ್ ತಿಂಗಳ ಒಂದು ಭಾನುವಾರ

ಪ್ರೀತಿಯ ಕುಂಞಿ,

ನಿನ್ನೆ ಸಂಜೆ ನೀನು ಹಾಸ್ಟೆಲಿನಿಂದ ಅಪ್ಪನಿಗೆ ಫೋನ್ ಮಾಡಿ, ಈ ಬೇಸಿಗೆಯ ಕೌಟುಂಬಿಕ ಹಾಕಿ ಪಂದ್ಯಾವಳಿಗೆ ನಮ್ಮ ಒಕ್ಕದ, ಅಂದರೆ ಮನೆತನದ, ತಂಡದ ಪಟ್ಟಿಯಿಂದ ನಿನ್ನ ಹೆಸರನ್ನು ತೆಗೆಯಬೇಕೆಂದು ಹೇಳಿದೆಯಂತೆ. ಮೊದಲು ಓದುವುದಿದೆ ಎಂದೆ. ಪರೀಕ್ಷೆ ಅಷ್ಟರೊಳಗೆ ಮುಗಿದಿರುತ್ತದಲ್ಲ ಎಂದು ಅಪ್ಪ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಜೆರ್ಸಿಯ ಕುತ್ತಿಗೆ ಇಳಿದಿರುತ್ತದೆ, ಎದೆಯ ಮೇಲಿನ ಆಪರೇಷನ್ ಗಾಯದ ಗುರುತು ಎಲ್ಲರಿಗೂ ಕಾಣುತ್ತದೆ ಎಂದೆ. ಈ ಮಾತನ್ನು ಅಪ್ಪ ರಾತ್ರಿ ಊಟದ ಹೊತ್ತಿಗೆ ನನಗೆ ತಿಳಿಸಿದರು. ಕರಡದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಈ ಪಂದ್ಯಾವಳಿಯನ್ನು ಆರಂಭಿಸಿದ ವರ್ಷದಿಂದಲೂ ಮೈದಾನಕ್ಕೆ ಇಳಿದವರು ಅಪ್ಪ. ನೀನು ಐದು ವರ್ಷದವಳಿದ್ದಾಗ ನಿನ್ನ ಕೈಗೆ ಕತ್ತರಿಸಿ ಗಿಡ್ಡ ಮಾಡಿದ ಸ್ಟಿಕ್ ಕೊಟ್ಟವರೂ ಅವರೇ. ಆದರೂ ನಿನ್ನ ಮೇಲೆ ಅವರಿಗೆ ಕೋಪವಿಲ್ಲ. ನನಗಂತೂ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಏಕೆಂದರೆ ಆ ಗುರುತನ್ನು ಮುಚ್ಚಿಡಬೇಕೆಂದು ನಿನಗೆ ಮೊದಲು ಕಲಿಸಿದವಳು ನಾನು.

ನಿನಗೆ ನೆನಪಿದೆಯೋ ಇಲ್ಲವೋ, ನಾನು ಮಾತ್ರ ಮರೆತಿಲ್ಲ. ಕಳೆದ ಮೇ ತಿಂಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಗಿ ನೀನು ತೀವ್ರ ನಿಗಾ ಘಟಕದಲ್ಲಿದ್ದಾಗ, ನಮ್ಮನ್ನು ಒಳಗೆ ಬಿಡುವ ಸಮಯಕ್ಕೆ ಇನ್ನೂ ಮೂರು ಗಂಟೆ ಇತ್ತು. ಆ ಹೊತ್ತನ್ನು ಹೇಗೆ ಕಳೆಯುವುದೆಂದು ತಿಳಿಯದೆ ನಾನು ಆಸ್ಪತ್ರೆಯ ಎದುರಿನ ಅಂಗಡಿಗೆ ಹೋಗಿ, ಕುತ್ತಿಗೆಯವರೆಗೆ ಗುಂಡಿ ಇರುವ ಮೂರು ಕುರ್ತಾಗಳನ್ನು ನಿನಗೆಂದು ಕೊಂಡೆ. ನಿನಗೆ ಎಚ್ಚರವೇ ಆಗಿರಲಿಲ್ಲ, ನಿನ್ನ ಎದೆಯ ಮೇಲೇನಿದೆ ಎಂದು ನೀನಿನ್ನೂ ನೋಡಿರಲಿಲ್ಲ, ಅಷ್ಟರಲ್ಲೇ ಅದನ್ನು ಹೇಗೆ ಮರೆಮಾಡುವುದೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮನೆಗೆ ಮರಳುವ ದಿನ ಕಾರು ಕುಶಾಲನಗರ ದಾಟುವಾಗ, ಮನೆಯಲ್ಲಿ ನೆಂಟರೆಲ್ಲ ಕಾಯುತ್ತಿದ್ದಾರೆ ಎಂಬುದು ನೆನಪಾಗಿ, ನನ್ನ ದುಪಟ್ಟಾವನ್ನು ತೆಗೆದು ನಿನ್ನ ಕುತ್ತಿಗೆಗೆ ಎರಡು ಸುತ್ತು ಹೊದಿಸಿದೆ. "ಅವ್ವಾ, ನೋಡಲು ಅಷ್ಟು ಕೆಟ್ಟದಾಗಿದೆಯಾ?" ಎಂದು ನೀನು ಕೇಳಿದೆ. "ಇಲ್ಲ ಮಗಳೇ, ಗಾಳಿ ತಂಪಾಗಿದೆ" ಎಂದು ನಾನು ಹೇಳಿದೆ. ಮೇ ತಿಂಗಳ ಮಧ್ಯಾಹ್ನದ ಸೆಕೆಯಲ್ಲಿ ನಿನ್ನ ಹಣೆಯ ಮೇಲೆ ಬೆವರಿತ್ತು. ನೀನು ಮರುಮಾತಾಡದೆ ಕಿಟಕಿಯ ಕಡೆಗೆ ತಿರುಗಿದೆ. ಅಂದು ನೀನು ಕೇಳಿದ ಪ್ರಶ್ನೆಗೆ ಹತ್ತು ತಿಂಗಳ ಮೇಲೆ ಈಗ ಉತ್ತರ ಬರೆಯುತ್ತಿದ್ದೇನೆ. ಮೊದಲಿಗೆ, ನನ್ನನ್ನು ಕ್ಷಮಿಸು.

ಅದು ಕೆಟ್ಟದಾಗಿಲ್ಲ, ಆದರೆ ಕಾಣುತ್ತದೆ. ಕಾಣುವುದೇ ಇಲ್ಲ ಎಂದು ಹೇಳಿ ನಿನಗೆ ಎರಡನೆಯ ಸಲ ಸುಳ್ಳು ಹೇಳಲಾರೆ. ರಾತ್ರಿ ಗುರುತು ತಗ್ಗಲೆಂದು ಸಿಲಿಕೋನ್ ಪಟ್ಟಿ ಅಂಟಿಸುವಾಗ ನಾನು ಅದನ್ನು ನಿನಗಿಂತ ಹತ್ತಿರದಿಂದ ನೋಡಿದ್ದೇನೆ. ಗಂಟಲಿನ ಗುಳಿಯಿಂದ ಎರಡು ಬೆರಳು ಕೆಳಗೆ ಶುರುವಾಗುವ ಆ ಗೆರೆಯ ಮೇಲ್ತುದಿ ಉಬ್ಬಿಕೊಂಡು ನುಣ್ಣಗೆ ಹೊಳೆಯುತ್ತದೆ. ನಡುವಿನ ಭಾಗ ತೆಳುವಾಗಿ, ದಾರದಷ್ಟೇ ಅಗಲವಾಗಿದೆ. ಕೆಳಗೆ, ನೀರು ಹೊರಹೋಗಲೆಂದು ಕೊಳವೆ ಇಟ್ಟಿದ್ದ ಕಡೆ ಎರಡು ಸಣ್ಣ ದುಂಡು ಗುರುತುಗಳಿವೆ. ಆಗಸ್ಟ್ ಹೊತ್ತಿಗೆ ಅದು ಮೊದಲಿಗಿಂತ ಹೆಚ್ಚು ಕೆಂಪಗಾಗಿ, ಗಟ್ಟಿಯಾದಾಗ ಏನೋ ಎಡವಟ್ಟಾಗಿದೆ ಎಂದು ನೀನು ಅತ್ತೆ. ಗಾಯ ಮಾಯುವ ಕ್ರಮವೇ ಹಾಗೆ ಎಂದು ವೈದ್ಯರು ಆಮೇಲೆ ಬಿಡಿಸಿ ಹೇಳಿದರು. ಚರ್ಮ ಮೊದಲು ಅವಸರದಲ್ಲಿ ಕೊಲಾಜೆನ್ ಎಂಬ ನಾರನ್ನು ರಾಶಿ ಹಾಕಿ ಗಾಯವನ್ನು ಬೆಸೆಯುತ್ತದೆ, ಆದ್ದರಿಂದ ಎರಡು ಮೂರು ತಿಂಗಳ ಹೊತ್ತಿಗೆ ಗುರುತು ಅತ್ಯಂತ ಎದ್ದು ಕಾಣುತ್ತದೆ. ಅನಂತರ ಆ ನಾರನ್ನು ನಿಧಾನವಾಗಿ ಕರಗಿಸಿ, ಮತ್ತೆ ಹೊಸೆದು, ಸಾಲಾಗಿ ಜೋಡಿಸುವ ಕೆಲಸಕ್ಕೆ 12ರಿಂದ 18 ತಿಂಗಳು, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ನಿನಗೆ ಆಗಿರುವುದು ಹತ್ತು ತಿಂಗಳು. ಈಗ ಕನ್ನಡಿಯಲ್ಲಿ ಕಾಣುತ್ತಿರುವುದು ಅದರ ಕೊನೆಯ ರೂಪವಲ್ಲ. ಪೂರ್ತಿ ಅಳಿಸಿಹೋಗುವುದೂ ಇಲ್ಲ. ಚೆನ್ನಾಗಿ ಮಾಗಿದ ಮೇಲೂ ಅಲ್ಲಿನ ಚರ್ಮಕ್ಕೆ ಮೊದಲಿನ ಬಲದ ಶೇಕಡಾ 80ರಷ್ಟು ಮಾತ್ರ ಮರಳುತ್ತದಂತೆ, ಅಲ್ಲಿ ಬೆವರಿನ ಗ್ರಂಥಿಗಳೂ ರೋಮಗಳೂ ಮತ್ತೆ ಹುಟ್ಟುವುದಿಲ್ಲ.

ಆ ಗೆರೆ ಅಲ್ಲಿಗೆ ಬಂದದ್ದು ಹೇಗೆ ಎಂಬುದನ್ನೂ ಒಮ್ಮೆ ಪೂರ್ತಿಯಾಗಿ ಹೇಳಿಬಿಡುತ್ತೇನೆ. ಆಗ ನೀನು ಹೆದರುತ್ತೀಯೆಂದು ಅರ್ಧ ಮಾತನ್ನು ನುಂಗಿಕೊಂಡಿದ್ದೆವು. ನಿನ್ನ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ರಂಧ್ರವಿತ್ತು. ಮೈದಾನದಲ್ಲಿ ಹತ್ತು ನಿಮಿಷಕ್ಕೇ ನಿನಗೆ ಏದುಸಿರು ಬರುತ್ತಿದ್ದುದಕ್ಕೆ ಅದೇ ಕಾರಣ. ನಾವು ಸೋಮಾರಿತನ ಎಂದು ಬೈದಿದ್ದೆವು, ಅದೂ ನಮ್ಮ ತಪ್ಪೇ. ಇಂಥ ಅನೇಕ ರಂಧ್ರಗಳನ್ನು ಈಗ ತೊಡೆಯ ರಕ್ತನಾಳದ ಮೂಲಕ ಸಣ್ಣ ಸಾಧನ ಕಳಿಸಿ, ಎದೆ ತೆರೆಯದೆಯೇ ಮುಚ್ಚುತ್ತಾರೆ. ನಿನ್ನ ರಂಧ್ರ ಗೋಡೆಯ ಅಂಚಿನಲ್ಲಿದ್ದು, ಆ ಸಾಧನ ಹಿಡಿದು ನಿಲ್ಲಲು ಸುತ್ತ ಅಂಚೇ ಇರಲಿಲ್ಲ. ಹಾಗಾಗಿ ಎದೆಯ ನಡುಮೂಳೆಯನ್ನು ಸೀಳಿ, ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಅಷ್ಟು ಹೊತ್ತು ಯಂತ್ರಕ್ಕೆ ವಹಿಸಿ, ಹೃದಯದ ಹೊರಪೊರೆಯದೇ ಒಂದು ತುಂಡನ್ನು ಕತ್ತರಿಸಿ ಆ ರಂಧ್ರಕ್ಕೆ ಹೊಲಿದರು, ಆಮೇಲೆ ಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದರು. ಆ ತಂತಿ ಈಗಲೂ ಒಳಗಿದೆ, ಇರುವುದರಿಂದ ತೊಂದರೆಯಿಲ್ಲ.

ಆ ಯಂತ್ರದ ಕತೆಯನ್ನು ನಾನು ಈಚೆಗೆ ಓದಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯರು ಪತ್ನಿ ಮೇರಿಯವರ ಜೊತೆಗೂಡಿ ವರ್ಷಗಟ್ಟಲೆ ದುಡಿದು ಅದನ್ನು ರೂಪಿಸಿದರು. ಅದರ ನೆರವಿನಿಂದ ಮನುಷ್ಯರ ಮೇಲೆ ನಡೆದ ಮೊದಲ ಯಶಸ್ವಿ ತೆರೆದ ಹೃದಯ ಶಸ್ತ್ರಚಿಕಿತ್ಸೆ 1953ರ ಮೇ 6ರಂದು ನಡೆಯಿತು. ರೋಗಿ 18 ವರ್ಷದ ಹುಡುಗಿ, ಅವಳ ಹೃದಯದಲ್ಲಿದ್ದದ್ದು ನಿನ್ನಲ್ಲಿದ್ದಂತೆ ಮೇಲಿನ ಕೋಣೆಗಳ ನಡುವಿನ ರಂಧ್ರವೇ. ಯಂತ್ರ 26 ನಿಮಿಷ ಅವಳ ಹೃದಯ, ಶ್ವಾಸಕೋಶಗಳ ಕೆಲಸವನ್ನು ಪೂರ್ತಿಯಾಗಿ ಹೊತ್ತಿತು, ಅವಳು ಆಮೇಲೆ ದಶಕಗಳ ಕಾಲ ಬದುಕಿದಳು. ಇದನ್ನು ಓದುವಾಗ ನನಗೆ ನಿನ್ನ ಶಸ್ತ್ರಚಿಕಿತ್ಸೆಯ ಬಾಗಿಲ ಹೊರಗೆ ಕುಳಿತಿದ್ದ ನಾಲ್ಕೂವರೆ ಗಂಟೆಗಳು ನೆನಪಾದವು. ಅವಳ ತಾಯಿಯೂ ಎಲ್ಲೋ ಒಂದು ಬೆಂಚಿನ ಮೇಲೆ ಹಾಗೆಯೇ ಕುಳಿತಿರಬೇಕು ಎಂದುಕೊಂಡೆ.

ಆರೈಕೆಯ ವಿಷಯದಲ್ಲಿ ನಿನ್ನ ಉದಾಸೀನ ನನಗೆ ಗೊತ್ತು, ಆದ್ದರಿಂದ ಅದನ್ನೂ ಬರೆಯುತ್ತೇನೆ. ಸಿಲಿಕೋನ್ ಪಟ್ಟಿಯನ್ನು ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದಂತೆ ಹಾಕಿಕೊಂಡರೆ ಮಾತ್ರ ಫಲ. ಹಾಸ್ಟೆಲಿನಲ್ಲಿ ರಾತ್ರಿ ಮಲಗುವಾಗ ಅಂಟಿಸಿ ಬೆಳಿಗ್ಗೆ ತೆಗೆಯುವ ಬದಲು, ಸಂಜೆ ಕಾಲೇಜಿನಿಂದ ಬಂದ ಕೂಡಲೇ ಅಂಟಿಸಿಕೋ. ದಿನವೂ ಅದನ್ನೂ ಚರ್ಮವನ್ನೂ ತೊಳೆದು ಒಣಗಿಸದಿದ್ದರೆ ಬೆವರುಗುಳ್ಳೆ ಬರುತ್ತದೆ. ಮೇಲ್ತುದಿಯ ಉಬ್ಬನ್ನು ಬೆರಳ ತುದಿಯಿಂದ ಸ್ವಲ್ಪ ಒತ್ತಿ, ವ್ಯಾಸಲಿನ್ ಹಚ್ಚಿ, ವೃತ್ತಾಕಾರವಾಗಿ ತಿಕ್ಕು. ತುರಿಕೆಗೂ ಅದೇ ಒಳ್ಳೆಯದು, ಉಗುರು ತಾಗಿಸಬೇಡ. ಹೊರಗೆ ಹೋಗುವಾಗ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಲೇಬೇಕು, ಮೈದಾನದಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹೊಸ ಚರ್ಮ ಬಿಸಿಲಿಗೆ ಬೇಗ ಕಪ್ಪಾಗುತ್ತದೆ, ಹಾಗೆ ಕಪ್ಪಾದದ್ದು ಬಹುಕಾಲ ಉಳಿಯುತ್ತದೆ. ಎದೆಯ ನಡುಭಾಗದಲ್ಲಿ ಚರ್ಮ ಸದಾ ಬಿಗಿದಿರುವುದರಿಂದ ಅಲ್ಲಿನ ಗುರುತುಗಳು ಉಬ್ಬುವುದು ಹೆಚ್ಚು. ಅದು ಗಾಯದ ಗೆರೆಯೊಳಗೇ ಉಬ್ಬಿದ್ದರೆ ಕಾಲ ಕಳೆದಂತೆ ತಗ್ಗುವ ಸಾಧ್ಯತೆಯೇ ಜಾಸ್ತಿ, ನಿನ್ನದು ಇದುವರೆಗೆ ಹಾಗೆಯೇ ಇದೆ. ಗೆರೆಯನ್ನು ದಾಟಿ ಪಕ್ಕದ ಒಳ್ಳೆಯ ಚರ್ಮದ ಮೇಲೆ ಹಬ್ಬಿದರೆ ಅದು ಕೆಲಾಯ್ಡ್, ಆಗ ಚರ್ಮವೈದ್ಯರು ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಹಬ್ಬುವಂತೆ ಕಂಡರೆ ತಡಮಾಡದೆ ಹೇಳು. ನಿನ್ನ ರೂಮಿನ ಹುಡುಗಿ ಹೇಳಿದ ಬಿಳುಪಿನ ಕ್ರೀಮನ್ನಾಗಲಿ, ಲಿಂಬೆರಸವನ್ನಾಗಲಿ ಖಂಡಿತ ಹಚ್ಚಬೇಡ.

ಇದೆಲ್ಲ ಚರ್ಮದ ಮಾತಾಯಿತು. ನಿನ್ನನ್ನು ಬಾಧಿಸುತ್ತಿರುವುದು ಜನರ ಕಣ್ಣು ಎಂದು ನನಗೆ ಗೊತ್ತಿದೆ. ಪುತ್ತರಿ ಹಬ್ಬಕ್ಕೆ ಒಕ್ಕದ ಹಿರಿಮನೆಯಾದ ಐನ್‌ಮನೆಯಲ್ಲಿ ಸೇರಿದ್ದಾಗ ಹಿರಿಯರೊಬ್ಬರು ನಿನ್ನೆದುರಿಗೇ, "ಹೆಣ್ಣುಮಗಳು, ಮುಂದೆ ಮದುವೆಗೆ ಇದು ತೊಡಕಾಗುವುದಿಲ್ಲವೇ" ಎಂದು ನನ್ನನ್ನು ಕೇಳಿದರು. ನಾನು ನಗಲು ಪ್ರಯತ್ನಿಸಿ ಮಾತು ಬದಲಿಸಿದೆ. ಅಂದು ನಾನು ಹೇಳಬೇಕಾಗಿದ್ದದ್ದು ಇಷ್ಟೇ: "ಅವಳ ಹೃದಯ ಈಗ ಸರಿಯಿದೆ, ಅವಳ ಎದುರಿಗೆ ಇಂಥ ಮಾತು ಬೇಡ." ಮುಂದಿನ ಸಲ ಹೇಳುತ್ತೇನೆ, ಹಿರಿಯರಾದರೂ ಸರಿ. ಅವರು ಕೆಟ್ಟವರಲ್ಲ, ಆದರೆ ಒಳ್ಳೆಯವರ ಬಾಯಿಂದ ಬಂದ ಮಾತೂ ಚುಚ್ಚುತ್ತದೆ, ಅದನ್ನು ನೀನು ಸಹಿಸಿಕೊಂಡೇ ಇರಬೇಕೆಂದು ನಾನು ಇನ್ನು ಹೇಳುವುದಿಲ್ಲ.

ಇಂಗ್ಲೆಂಡಿನಲ್ಲಿ ಜೇಮ್ಸ್ ಪಾರ್ಟ್ರಿಜ್ ಎಂಬವರಿದ್ದರು. 18ನೆಯ ವಯಸ್ಸಿನಲ್ಲಿ ವಾಹನಕ್ಕೆ ಬೆಂಕಿ ಹತ್ತಿ ಅವರ ಮುಖ ಸುಟ್ಟಿತ್ತು. 1992ರಲ್ಲಿ ಅವರು, ಕಾಣುವ ಗುರುತುಗಳಿರುವವರಿಗಾಗಿ ಚೇಂಜಿಂಗ್ ಫೇಸಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆ ಕಲಿಸುವ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಯಾರಾದರೂ ಕೇಳಿದರೆ ಒಂದು ವಾಕ್ಯದಲ್ಲಿ ವಿಷಯ ಹೇಳುವುದು, ಒಂದು ವಾಕ್ಯದಲ್ಲಿ ಅವರಿಗೆ ಸಮಾಧಾನ ಹೇಳುವುದು, ಕೂಡಲೇ ಮಾತನ್ನು ಬೇರೆ ಕಡೆಗೆ ತಿರುಗಿಸುವುದು. "ಹೃದಯದ ಆಪರೇಷನ್ ಆಗಿತ್ತು, ಈಗ ಚೆನ್ನಾಗಿದ್ದೇನೆ, ನಿನ್ನ ಪ್ರಾಕ್ಟಿಕಲ್ ಯಾವಾಗ?" ಎಂದರೆ ಸಾಕು. ಹೆಚ್ಚಿನವರು ಗಾಬರಿಯಿಂದ, ಏನು ಹೇಳಬೇಕೆಂದು ತೋಚದೆ ನೋಡುತ್ತಾರೆ. ನೀನೇ ದಾರಿ ತೋರಿಸಿದರೆ ಅವರಿಗೂ ಹಗುರವಾಗುತ್ತದೆ. ಕನ್ನಡಿಯ ಮುಂದೆ ನಿಂತು ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿಕೋ, ಮೊದಲ ಸಲ ಗಂಟಲು ಕಟ್ಟುವುದು ಸಹಜ. ಹೇಳಲು ಮನಸ್ಸಿಲ್ಲದ ದಿನ "ಅದರ ಬಗ್ಗೆ ಈಗ ಮಾತಾಡುವುದಿಲ್ಲ" ಎನ್ನುವುದಕ್ಕೂ ನಿನಗೆ ಪೂರ್ತಿ ಹಕ್ಕಿದೆ. ನಿನ್ನ ದೇಹದ ಕತೆಯನ್ನು ಯಾರಿಗೆ, ಎಷ್ಟು ಹೇಳಬೇಕೆಂಬುದು ನಿನಗೆ ಬಿಟ್ಟದ್ದು. ನಿನ್ನನ್ನು ಕೇಳದೆ ನೆಂಟರಿಗೆಲ್ಲ ವಿವರ ಒಪ್ಪಿಸುತ್ತಿದ್ದ ನಾನು ಅದನ್ನು ನಿಲ್ಲಿಸಿದ್ದೇನೆ.

ಹಾಗೆಂದು ಮುಚ್ಚಿಕೊಳ್ಳುವುದೇ ತಪ್ಪು ಎಂದು ತಿಳಿಯಬೇಡ. ನಮ್ಮ ಸೀರೆ ಉಡುವ ಕ್ರಮದಲ್ಲಿ ಸೆರಗು ಎಡಗಂಕುಳಿನ ಕೆಳಗಿಂದ ಎದೆಯ ಮೇಲೆ ಹಾದು ಬಲಭುಜದಲ್ಲಿ ಪಿನ್ ಆಗುತ್ತದೆ. ಅದರ ಜೊತೆಗೆ ಮೈಮುಚ್ಚುವ ರವಿಕೆ ಇದ್ದರೆ ಏನೂ ಕಾಣುವುದಿಲ್ಲ. ಒಂದು ಮದುವೆಯಲ್ಲಿ ಯಾರ ಪ್ರಶ್ನೆಯೂ ಇಲ್ಲದೆ ಉಮ್ಮತ್ತಾಟ್ ಕುಣಿಯಬೇಕೆನಿಸಿದರೆ ಹಾಗೆಯೇ ಉಟ್ಟು ಕುಣಿ, ಅದರಲ್ಲಿ ಸೋಲೇನಿಲ್ಲ. ಆದರೆ ಮುಚ್ಚಲಾಗದು ಎಂಬ ಒಂದೇ ಕಾರಣಕ್ಕೆ ನಿನಗೆ ಇಷ್ಟವಾದ ಒಂದೊಂದನ್ನೇ ಬಿಡುತ್ತಾ ಬರುವುದನ್ನು ನೋಡಲು ನನ್ನಿಂದ ಆಗುವುದಿಲ್ಲ. ಮೊದಲು ಗೆಳತಿಯರ ಜೊತೆ ಫೋಟೊ ಬಿಟ್ಟೆ, ಆಮೇಲೆ ಹಾಸ್ಟೆಲಿನ ಹುಟ್ಟುಹಬ್ಬಗಳನ್ನು ಬಿಟ್ಟೆ, ಈಗ ಹಾಕಿ. ಮೂಳೆ ಕೂಡಿ ತಿಂಗಳುಗಳೇ ಆದವು, ಆಡಬಹುದೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಇಪ್ಪತ್ತು ನಿಮಿಷ ಓಡಿದರೂ ಈಗ ನಿನಗೆ ಏದುಸಿರು ಬರುವುದಿಲ್ಲ, ಅದನ್ನು ಕ್ರಿಸ್ಮಸ್ ರಜೆಯಲ್ಲಿ ಗದ್ದೆಯ ಬದುವಿನ ಮೇಲೆ ನಾನೇ ಕಣ್ಣಾರೆ ನೋಡಿದೆ.

ಒಂದೇ ದಿನ ಎಲ್ಲವನ್ನೂ ಎದುರಿಸಬೇಕಾಗಿಲ್ಲ. ಮೊದಲು ರೂಮಿನಲ್ಲಿ ಗೆಳತಿಯರೆದುರು ಸಾಮಾನ್ಯ ಟೀ ಶರ್ಟ್ ಹಾಕಿಕೊಂಡು ಕುಳಿತು ನೋಡು, ಆಮೇಲೆ ಮೆಸ್ಸಿಗೆ ಹೋಗು. ಎರಡು ವಾರಕ್ಕೂ ಮಿಕ್ಕಿ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟ ಬೇಡವಾದರೆ, ಅದನ್ನು ಒಬ್ಬಳೇ ಹೊತ್ತುಕೊಳ್ಳಬೇಡ. ನನಗೆ ಹೇಳಲು ಸಂಕೋಚವಾದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಮನಸ್ಸು ಹೀಗೆ ಕುಸಿಯುವುದು ಅನೇಕರಿಗೆ ಆಗುತ್ತದೆ.

ಇಲ್ಲಿ ಮೊನ್ನೆ ಹೂಮಳೆ ಬಂದು ಹೋಯಿತು, ಕಾಫಿ ತೋಟವೆಲ್ಲ ಹೂಬಿಟ್ಟು ಬೆಳ್ಳಗಾಗಿದೆ, ಜೇನಿನ ಸದ್ದು ಅಂಗಳದವರೆಗೆ ಕೇಳುತ್ತದೆ. ಅಂದು ಕೊಂಡ ಮೂರು ಕುರ್ತಾಗಳನ್ನು ಒಗೆದು ಮಡಚಿ ನಿನ್ನ ಕಪಾಟಿನಲ್ಲಿ ಇಟ್ಟಿದ್ದೇನೆ. ಬೇಕೋ ಬೇಡವೋ ನೀನೇ ಹೇಳು. ಅಪ್ಪ ಇನ್ನೂ ಪಟ್ಟಿಯಿಂದ ನಿನ್ನ ಹೆಸರು ತೆಗೆದಿಲ್ಲ, ಆದರೆ ನೀನು ಬೇಡವೆಂದೇ ಹೇಳಿದರೆ ತೆಗೆಯುತ್ತಾರೆ, ನಾವಿಬ್ಬರೂ ಮತ್ತೆ ಆ ಮಾತೆತ್ತುವುದಿಲ್ಲ. ತಂಡದ ಜೆರ್ಸಿ ಹೊಲಿಸಲು ಶುಕ್ರವಾರದೊಳಗೆ ಅಳತೆ ಕೊಡಬೇಕಂತೆ. ಕಾಲರ್ ಇಟ್ಟೂ ಹೊಲಿಯುತ್ತಾರೆ, ಗುಂಡು ಕುತ್ತಿಗೆಯೂ ಆಗುತ್ತದೆ, ಉಳಿದವರದ್ದೆಲ್ಲ ಇಳಿದ ಕುತ್ತಿಗೆ. ನಿನಗೆ ಯಾವುದು ಬೇಕೆಂದು ಅದಕ್ಕೆ ಮೊದಲು ಫೋನ್ ಮಾಡಿ ತಿಳಿಸು.

ಪ್ರೀತಿಯಿಂದ,
ನಿನ್ನ ಅವ್ವ