ತಪಾಸಣೆ ಮುಗಿಯದೆ ಕಾಂಕ್ರೀಟ್ ಬೇಡ

ಎಲ್ಲ ಸೈಟ್ ಮೇಲ್ವಿಚಾರಕರ ಗಮನಕ್ಕೆ,

ಕಟ್ಟಡ ತಪಾಸಣಾಧಿಕಾರಿ ನೋಡಿ ಒಪ್ಪುವ ತನಕ ಕಾಂಕ್ರೀಟ್ ಸುರಿಯಬೇಡಿ. ಲಾರಿ ಬಂದು ನಿಂತಿದೆ ಎಂಬ ಸಬೂಬನ್ನು ಯಾರೂ ಕೇಳುವುದಿಲ್ಲ. ಮುಚ್ಚಿದ್ದನ್ನು ಒಡೆದು ತೋರಿಸಿ ಎಂದರೆ ನಷ್ಟ ನಮ್ಮದೇ. ಗೋಡೆಯೊಳಗಿನ ಪೈಪುಗಳಿಗೂ ಇದೇ ಮಾತು, ಗಾರೆ ಆಮೇಲೆ.

ಅಧಿಕಾರಿಯ ಕಣ್ಣು ಮೊದಲು ಹೋಗುವುದು ಕಂಬಿಯ ಮೇಲೆ. ಕಂಬಿಗಳ ನಡುವಿನ ಅಂತರ, ಜೋಡಣೆಯಲ್ಲಿ ಒಂದರ ಪಕ್ಕ ಒಂದು ಬರುವ ಉದ್ದ, ಕಂಬಿಯನ್ನು ಅಚ್ಚಿನ ಹಲಗೆಯಿಂದ ದೂರ ಇಡುವ ಕವರ್ ಬ್ಲಾಕ್ ಜಾರಿ ಕಂಬಿ ಹಲಗೆಗೆ ತಾಗಿದೆಯೇ ಎಂಬುದನ್ನು ನೀವೇ ಮೊದಲು ನೋಡಿ. ನಕ್ಷೆಯಲ್ಲಿ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಯ ಕೊಕ್ಕೆ 135 ಡಿಗ್ರಿ ಎಂದಿದ್ದರೆ 90ಕ್ಕೆ ಬಾಗಿಸಿ ಬಿಡುವ ಕಂಬಿ ಕೆಲಸದವರಿದ್ದಾರೆ, ಹುಷಾರು. ಟೇಪು ಕಾಣುವಂತೆ ಫೋಟೊ ತೆಗೆದಿಡಿ.

ಅನುಮೋದಿತ ನಕ್ಷೆಯ ಇತ್ತೀಚಿನ ಪ್ರತಿ, ಈ ಹಿಂದೆ ಸುರಿದ ಕಾಂಕ್ರೀಟಿನ ಬಲ ತೋರಿಸುವ 7 ಮತ್ತು 28 ದಿನಗಳ ಕ್ಯೂಬ್ ಪರೀಕ್ಷೆಯ ವರದಿ ಸೈಟಿನಲ್ಲೇ ಇರಲಿ.

ತಪ್ಪು ಹಿಡಿದರೆ ವಾದಕ್ಕಿಳಿಯಬೇಡಿ. ಯಾವ ನಿಯಮ ಎಂದು ಸೌಜನ್ಯದಿಂದ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ನಾಳೆ ಬೇರೆ ಅಧಿಕಾರಿ ಬಂದರೆ ಬಾಯಿಮಾತಿನ ಒಪ್ಪಿಗೆ ನಿಲ್ಲುವುದಿಲ್ಲ. ವಿನ್ಯಾಸದ ಬಗ್ಗೆಯೇ ತಕರಾರಿದ್ದರೆ ಉತ್ತರಿಸಬೇಕಾದವರು ಎಂಜಿನಿಯರ್. ನೀವು ಊಹಿಸಿ ಹೇಳಬೇಡಿ. ಕೈ ಬೆಚ್ಚಗೆ ಮಾಡಿ ಮುಗಿಸೋಣ ಎಂಬ ಸಲಹೆ ಈ ಗುಂಪಿನಲ್ಲಿ ಬರುವುದೂ ಬೇಡ.

ತಪಾಸಣೆಯ ದಿನ ಗೊತ್ತಾದ ಕೂಡಲೇ ಇಲ್ಲಿ ತಿಳಿಸಿ. ಅಂದು ಅಧಿಕಾರಿಯೊಂದಿಗೆ ನಮ್ಮ ಕಡೆಯಿಂದ ಒಬ್ಬರೇ ಮಾತನಾಡಲಿ.